ಚಾವಡಿ, ಗೆರಸೆ, ಮೇಜು: ಕಾಸರಗೋಡಿನ ಮನೆಗಳಲ್ಲಿ ಕೆಲಸದ ಜಾಗ

ಗಡಿನಾಡ ಕನ್ನಡ ಅಂದ ಕೂಡಲೇ ನಾವು ಶಾಲೆ, ಆಯೋಗದ ವರದಿ, ಹೋರಾಟ ಇಷ್ಟನ್ನೇ ಮಾತಾಡ್ತೇವೆ. ಅದು ಬೇಕಾದದ್ದೇ. ನನ್ನ ಪ್ರಶ್ನೆ ಮಾತ್ರ ಸಣ್ಣದು: ಕಾಸರಗೋಡಿನಲ್ಲಿ ಕನ್ನಡದ ಕೆಲಸ ನಡೆದದ್ದು ಎಲ್ಲಿ ಕೂತು? ಯಾವ ಮೂಲೆಯಲ್ಲಿ, ಯಾವ ಬೆಳಕಿನಲ್ಲಿ? 2020ರ ಲಾಕ್‌ಡೌನ್ ಬಂದಾಗ ಮನೆಯಿಂದಲೇ ಕೆಲಸ ಅನ್ನುವುದು ಹೊಸ ಸಂಗತಿಯ ಹಾಗೆ ಸುದ್ದಿಯಾಯಿತು. ನಮ್ಮ ಊರುಗಳ ಮಟ್ಟಿಗೆ ಅದು ಹಳೆಯ ರೂಢಿ ಎಂದೇ ನನ್ನ ವಾದ.

ಊರಿನ ಲೆಕ್ಕ ಬರೆಯುವ ಶ್ಯಾನುಭೋಗರನ್ನೇ ತೆಗೆದುಕೊಳ್ಳಿ. ಅವರ ಮನೆಯ ಚಾವಡಿಯೇ ಕಚೇರಿ. ಬಂದವರು ಜಗಲಿಯಲ್ಲಿ ಕೂರಬೇಕು, ದಾಖಲೆ ಒಳಗಿನ ಪೆಟ್ಟಿಗೆಯಲ್ಲಿ. ಇವತ್ತು ‘ಕಡತ’ ಅಂದರೆ ನಮಗೆ ಸರಕಾರಿ ಫೈಲು. ಮೊದಲು ಅದು ಬಟ್ಟೆ. ಹುಣಸೆಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚುತ್ತಿದ್ದರು. ಬಳಪದಲ್ಲಿ ಬರೆದದ್ದನ್ನು ಅಳಿಸಿ ಮತ್ತೆ ಬರೆಯಬಹುದಿತ್ತು. ತಾಳೆಗರಿಯದು ಇನ್ನೊಂದು ಬಗೆ. ಎಡಗೈಯಲ್ಲಿ ಗರಿ, ಬಲಗೈಯಲ್ಲಿ ಕಂಠ, ಕೊರೆದ ಗೀರಿಗೆ ಆಮೇಲೆ ಮಸಿ ತಿಕ್ಕುವುದು. ಎರಡಕ್ಕೂ ಮೇಜು ಬೇಡ. ಚಕ್ಕಳಮಕ್ಕಳ ಹಾಕಿ ಕೂತ ಮೈಯೇ ಮೇಜು. ಹಸ್ತಪ್ರತಿಶಾಸ್ತ್ರದ ಪಾಠದಲ್ಲಿ ಲಿಪಿ, ಪಾಠಾಂತರ ಎಲ್ಲ ಬರುತ್ತದೆ, ಬರೆದವನ ಬೆನ್ನು ಮಾತ್ರ ಬರುವುದಿಲ್ಲ!

ಈಗ ಮಂಜೇಶ್ವರಕ್ಕೆ ಬರುತ್ತೇನೆ. ಗೋವಿಂದ ಪೈಗಳು (1883–1963) ಮದರಾಸಿನಲ್ಲಿ ಬಿ.ಎ. ಓದುತ್ತಿದ್ದಾಗ ತಂದೆ ತೀರಿಕೊಂಡರು. ಓದನ್ನು ಅಲ್ಲಿಗೇ ಬಿಟ್ಟು ಊರಿಗೆ ಮರಳಿದರು. ಪದವಿ ಇಲ್ಲ, ಅಧ್ಯಾಪಕ ಹುದ್ದೆ ಇಲ್ಲ. ಕಾಸರಗೋಡು ಆಗ ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದು. ಮೈಸೂರು ವಿಶ್ವವಿದ್ಯಾಲಯ ಶುರುವಾದದ್ದು 1916ರಲ್ಲಿ, ಅದೂ ಇನ್ನೊಂದು ಸಂಸ್ಥಾನದಲ್ಲಿ. ಹಾಗಾಗಿ ಸಂಶೋಧನೆ ಮಾಡಬೇಕು ಅಂದರೆ ವಿಶ್ವವಿದ್ಯಾಲಯವನ್ನು ಮನೆಯೊಳಗೇ ಕಟ್ಟಿಕೊಳ್ಳಬೇಕಿತ್ತು. ಅವರು ಮಾಡಿದ್ದು ಅದನ್ನೇ. ಹಲವು ಭಾಷೆಗಳನ್ನು ಕಲಿತರು, ಆ ಭಾಷೆಗಳ ಪುಸ್ತಕಗಳನ್ನು ತರಿಸಿದರು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಪಪೈರಸ್ಸಿನ ಗ್ರೀಕ್ ಪ್ರಹಸನದಲ್ಲಿ ಕನ್ನಡ ಮಾತುಗಳಿವೆಯೇ ಎಂಬ ಚರ್ಚೆ ಇದೆಯಲ್ಲ, ಅದರಲ್ಲಿ ಪೈಗಳು ಭಾಗವಹಿಸಿದ್ದು ಈ ಕಡಲತಡಿಯ ಮನೆಯಿಂದ. ಏಸುವಿನ ಕೊನೆಯ ದಿನದ ‘ಗೊಲ್ಗೊಥಾ’, ಬುದ್ಧನ ಕೊನೆಯ ದಿನದ ‘ವೈಶಾಖಿ’ ಇವೂ ಅಂಥ ಓದಿನ ಫಲ. 1949ರಲ್ಲಿ ಮದರಾಸು ಸರಕಾರ ರಾಷ್ಟ್ರಕವಿ ಅಂತ ಕರೆಯಿತು.

ಇದನ್ನು ಒಬ್ಬ ಪ್ರತಿಭಾವಂತರ ಕಥೆಯಾಗಿ ಹೇಳುವುದು ಸುಲಭ. ನನಗೆ ಅದು ಒಂದು ಜಾಗದ ಕಥೆಯಾಗಿಯೂ ಕಾಣುತ್ತದೆ. ಆಸ್ತಿವಂತ ಮನೆತನ, ನೌಕರಿಗೆ ಹೋಗಬೇಕಾದ ತುರ್ತು ಇಲ್ಲದ ಬದುಕು, ಪುಸ್ತಕ ಹರಡಿದರೆ ಯಾರೂ ಎತ್ತಿಡಿ ಅನ್ನದ ಕೋಣೆ. ಅವರ ಗ್ರಂಥಸಂಗ್ರಹ ಮುಂದೆ ಉಡುಪಿಯ ಎಂಜಿಎಂ ಕಾಲೇಜಿಗೆ ಹೋಯಿತು. ಪುಸ್ತಕಗಳು ಉಳಿದವು, ಅದಕ್ಕೆ ಸಂತೋಷವೇ. ಆದರೆ 1956ರ ನವೆಂಬರ್ 1ಕ್ಕೆ ಎಳೆದ ಗೆರೆಯ ಈಚೆಗೆ ಮನೆ, ಆಚೆಗೆ ಪುಸ್ತಕ ಆದದ್ದನ್ನು ನಾವು ಗಮನಿಸಬೇಕು. ಮಂಜೇಶ್ವರದ ಹುಡುಗನೋ ಹುಡುಗಿಯೋ ಆ ಪುಸ್ತಕ ನೋಡಬೇಕಿದ್ದರೆ ಈಗ ರಾಜ್ಯ ದಾಟಬೇಕು.

ಕಯ್ಯಾರ ಕಿಞ್ಞಣ್ಣ ರೈಗಳದು (1915–2015) ಬೇರೆ ರೀತಿ. ಪೆರಡಾಲದ ಶಾಲೆಯಲ್ಲಿ ಮೇಷ್ಟ್ರು, ಕೃಷಿಕರು, ಬದಿಯಡ್ಕ ಪಂಚಾಯತಿನ ಅಧ್ಯಕ್ಷರೂ ಆಗಿದ್ದವರು. ಮನೆಯ ಹೆಸರೇ ‘ಕವಿತಾ ಕುಟೀರ’, ಆತ್ಮಕಥೆಯ ಹೆಸರು ‘ದುಡಿತವೆ ನನ್ನ ದೇವರು’. ತೋಟ, ತರಗತಿ, ಸಭೆ ಇವುಗಳ ನಡುವೆ ಸಿಕ್ಕ ಹೊತ್ತೇ ಅವರಿಗೆ ಬರವಣಿಗೆಯ ಹೊತ್ತು. ನಮ್ಮಂಥವರಿಗೆ ಪೈಗಳಿಗಿಂತ ಈ ಮಾದರಿಯೇ ಹತ್ತಿರ ಅನ್ನಿಸ್ತದೆ.

ಇಷ್ಟೂ ಗಂಡಸರ ಚಾವಡಿಯ ಮಾತಾಯಿತು. ಹೆಂಗಸರು ಎಲ್ಲಿ ಕೂತರು? ಕಾಸರಗೋಡಿನಲ್ಲಿ 1936ರಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಾಗ ಅವರಿಗೆ ನಲವತ್ತು ದಾಟಿತ್ತು. ನಲವತ್ತರವರೆಗಿನ ಆ ಮೌನವನ್ನು ನಾವು ಸಾಹಿತ್ಯಚರಿತ್ರೆಯಲ್ಲಿ ‘ತಡವಾಗಿ ಬರೆಯಲು ತೊಡಗಿದರು’ ಅಂತ ಒಂದೇ ಸಾಲಿನಲ್ಲಿ ಮುಗಿಸ್ತೇವೆ. ಅದಕ್ಕೆ ಜಾಗ, ಹೊತ್ತು ಎರಡೂ ಕಾರಣವಿರಬಹುದಲ್ಲ ಎಂದು ಕೇಳುವುದಿಲ್ಲ.

ಬರೆಯದ ಹೆಂಗಸರ ಮನೆಕೆಲಸದ ಜಾಗವನ್ನಂತೂ ಯಾರೂ ಬರೆದಿಡಲಿಲ್ಲ. ನಮ್ಮ ದೊಡ್ಡಮ್ಮ ಬೀಡಿ ಕಟ್ಟುವವರು. ಬಾಗಿಲ ಹತ್ತಿರ, ಬೆಳಕು ಎಡಗಡೆಯಿಂದ ಬೀಳುವ ಹಾಗೆ ಗೋಡೆಗೆ ಒರಗಿ ಕೂರುತ್ತಾರೆ. ಮಡಿಲಲ್ಲಿ ಗೆರಸೆ, ಅದರಲ್ಲಿ ಒದ್ದೆ ಮಾಡಿಟ್ಟ ಎಲೆ, ಹೊಗೆಸೊಪ್ಪಿನ ಹುಡಿ, ಕತ್ತರಿ, ನೂಲು, ಎಲೆ ಕತ್ತರಿಸುವ ಅಳತೆಯ ತಗಡು. ಕೈ ಚಾಚಿದರೆ ಸಿಗದ್ದು ಒಂದೂ ಇಲ್ಲ. ಕಟ್ಟಿದ್ದು ಸಾವಿರದ ಲೆಕ್ಕದಲ್ಲಿ ಬ್ರಾಂಚಿಗೆ ಹೋಗಬೇಕು. ಮೇಜು ಹೇಗಿರಬೇಕು, ಸಾಮಾನು ಎಷ್ಟು ದೂರದಲ್ಲಿರಬೇಕು ಎಂದು ಇವತ್ತು ಕಂಪೆನಿಗಳು ಹೇಳಿಕೊಡುವುದನ್ನೆಲ್ಲ ಅವರು ಆ ಗೆರಸೆಯಲ್ಲೇ ಮಾಡಿಟ್ಟಿದ್ದಾರೆ. ಸೊಂಟನೋವು ಮಾತ್ರ ಹೋಗಲಿಲ್ಲ. ಹೊಗೆಸೊಪ್ಪಿನ ಹುಡಿಯ ಕೆಮ್ಮೂ ಇದೆ. 1966ರ ಬೀಡಿ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಕಟ್ಟುವವರನ್ನೂ ಕಾರ್ಮಿಕರೆಂದು ಒಪ್ಪಿತು. ನಮ್ಮ ಮನೆಯವರೇ ಒಪ್ಪಿದ್ದು ಕಡಿಮೆ: ‘ಅವಳು ಮನೆಯಲ್ಲೇ ಇದ್ದಾಳಲ್ಲ, ಸುಮ್ಮನೆ ಕೂತು ಬೀಡಿ ಕಟ್ಟುವುದು’ ಅನ್ನುತ್ತಾರೆ.

ನಾನು ಎಂ.ಎ. ಓದುವುದೂ ಅದೇ ಮನೆಯಲ್ಲಿ, ಲ್ಯಾಪ್‌ಟಾಪ್ ಇಟ್ಟದ್ದೂ ಅದೇ ಬಾಗಿಲ ಬೆಳಕಿಗೆ. ಮುರಕಲ್ಲಿನ ಗೋಡೆ, ಹಂಚಿನ ಮಾಡು. ಇಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಹೊರಗೋಡೆಗೆ ತಾಗಿಸಿಟ್ಟ ಕಪಾಟಿನ ಪುಸ್ತಕಕ್ಕೆ ಆಷಾಢದಲ್ಲಿ ಬೂಸ್ಟು ಹಿಡಿಯುತ್ತದೆ. ಒಂದು ಗೇಣು ಬಿಟ್ಟಿಡಬೇಕು, ಅಥವಾ ಒಳಗೋಡೆ ಹುಡುಕಬೇಕು. ಮಾಡಿನಲ್ಲಿ ಒಂದೆರಡು ಗಾಜಿನ ಹಂಚು ಹಾಕಿಸಿದರೆ ಕರೆಂಟು ಹೋದಾಗಲೂ ಹಗಲಲ್ಲಿ ಓದಲು ಅಡ್ಡಿಯಿಲ್ಲ. ಹಗಲಿಡೀ ನೆಲದಲ್ಲಿ ಕೂತು ಟೈಪ್ ಮಾಡುವ ಕೆಲಸ ಆಗದು. ಗರಿಯನ್ನು ಕಣ್ಣಿನ ಹತ್ತಿರ ತರಬಹುದು, ಪರದೆ ಹಾಗೆ ಬರುವುದಿಲ್ಲ. ಹಾಗಾಗಿ ಮೇಜು, ಬೆನ್ನಿಗೆ ಆಧಾರವಿರುವ ಕುರ್ಚಿ ಬೇಕೇ ಬೇಕು. ಅದಕ್ಕೆ ಖರ್ಚು ಮಾಡುವಾಗ ಒಂದು ಕುರ್ಚಿ ಯಾರಿಗೆ ಅನ್ನುವುದು ಮನೆಯಲ್ಲಿ ಚರ್ಚೆಯಾಗುತ್ತದೆ. ತಮ್ಮನಿಗೆ ಅಂತ ತೀರ್ಮಾನವಾಗುವುದೇ ಹೆಚ್ಚು. ನಮ್ಮಲ್ಲೂ ಹಾಗೇ ಆಯಿತು. ಅವನು ಶಾಲೆಗೆ ಹೋದ ಮೇಲೆ ಹತ್ತರಿಂದ ಮೂರರವರೆಗೆ ನನ್ನದು.

ಆ ಮೇಜಿನ ಮೇಲೆ ನನ್ನ ಓದು ಮಾತ್ರ ನಡೆಯುವುದಲ್ಲ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಕನ್ನಡ, ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲೇ ಸರಕಾರದೊಡನೆ ಪತ್ರವ್ಯವಹಾರ ಮಾಡಲು ಅವಕಾಶ ಕೊಟ್ಟಿದೆ. ಮಲಯಾಳ ಓದಲು ಬಾರದ ನೆರೆಯ ಅಜ್ಜಂದಿರು, ಅತ್ತೆಯಂದಿರು ಕಚೇರಿಯ ಕಾಗದ ಹಿಡಿದು ಬರುತ್ತಾರೆ: ‘ಮಗಾ, ಇದರಲ್ಲಿ ಎಂತ ಉಂಟು, ಒಮ್ಮೆ ಹೇಳು.’ ಓದಿ ಹೇಳುವುದು, ಕನ್ನಡದಲ್ಲಿ ಅರ್ಜಿ ಬರೆದುಕೊಡುವುದು. ಶ್ಯಾನುಭೋಗರ ಚಾವಡಿಯ ಕೆಲಸವೇ ಇದು, ಈಗ ಸಂಬಳವಿಲ್ಲದೆ ಹುಡುಗಿಯರ ಮೇಜಿಗೆ ಬಂದಿದೆ.

ಸೊಲ್ಲಾಪುರದ ಗೆಳೆಯರು ಇಲ್ಲಿದ್ದೀರಿ; ಅಲ್ಲೂ ಮನೆಯಲ್ಲಿ ಬೀಡಿ ಕಟ್ಟುವ ಕೆಲಸ ದೊಡ್ಡದು. ಆದೋನಿ, ತಾಳವಾಡಿಯವರೂ ಇದ್ದೀರಿ. ನಿಮ್ಮ ಊರಿನ ಲೇಖಕರ, ಲೆಕ್ಕ ಬರೆದವರ ಮನೆಗೆ ಹೋದಾಗ ಹಸ್ತಪ್ರತಿಯ ಫೋಟೋ ಜೊತೆಗೆ ಅವರು ಕೂತ ಜಾಗದ ಅಳತೆಯನ್ನೂ, ಕಿಟಕಿ ಯಾವ ದಿಕ್ಕಿಗೆ ಎಂಬುದನ್ನೂ ಬರೆದುಕೊಂಡು ಬನ್ನಿ. ಅದೇ ಮನೆಯ ಹೆಂಗಸರು ಎಲ್ಲಿ ಕೂರುತ್ತಿದ್ದರು ಅಂತಲೂ ಕೇಳಿ.