ಕುಚ್ಚಲಕ್ಕಿಯ ಗಂಜಿ ಮತ್ತು ಓಟ್ಸ್: ಒಂದು ಚಾರಿತ್ರಿಕ ವಿವೇಚನೆ

ಜೀರ್ಣಾಂಗಗಳ ಆರೋಗ್ಯಕ್ಕೆ ಓಟ್ಸ್ ಹಿತಕರವೆಂಬ ಮಾತು ಈಗ ಊರೂರಿಗೂ ಮುಟ್ಟಿದೆ. ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಸೀಮೆಯಲ್ಲಿ, ಚಾರ್ಮಾಡಿ ಘಟ್ಟದ ತಪ್ಪಲಿನ ಕಕ್ಕಿಂಜೆಯವರೆಗೂ, ತಲೆತಲಾಂತರದಿಂದ ಜನರನ್ನು ಪೋಷಿಸಿದುದು ಕುಚ್ಚಲಕ್ಕಿಯ ಗಂಜಿ. ಹಳೆಯದನ್ನು ಹೊಗಳುವುದಾಗಲಿ ಹೊಸದನ್ನು ತೆಗಳುವುದಾಗಲಿ ಚರಿತ್ರಕಾರನ ಕೆಲಸವಲ್ಲ. ಧಾನ್ಯದ ಸತ್ತ್ವವು ಎಲ್ಲಿ ಉಳಿಯಿತು, ಎಲ್ಲಿ ನಷ್ಟವಾಯಿತು ಎಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದನು. 1807ರಲ್ಲಿ ಪ್ರಕಟವಾದ ಅವನ ಪ್ರವಾಸಗ್ರಂಥದಲ್ಲಿ ಇಲ್ಲಿಯ ಬೈಲು, ಮಜಲು, ಬೆಟ್ಟು ಗದ್ದೆಗಳ ವಿವರಗಳಿವೆ. ಏಣೆಲು, ಸುಗ್ಗಿ, ಕೊಳಕೆ ಎಂಬ ಬೆಳೆಗಳ ಭತ್ತವನ್ನು ಉಮಿಯೊಡನೆಯೇ ಬೇಯಿಸಿ, ಬಿಸಿಲಿಗೆ ಒಣಗಿಸಿ, ಒನಕೆಯಿಂದ ಕುಟ್ಟುವುದು ರೂಢಿಯಾಗಿತ್ತು. ತುಳುವಿನಲ್ಲಿ ಈ ಅಕ್ಕಿಗೆ ಉರ್ಪೆಲ್ ಅರಿ ಎಂದು ಹೆಸರು.

ಈ ಪದ್ಧತಿಯ ಮಹತ್ತ್ವವು ವ್ಯಕ್ತವಾದುದು ಬೆರಿಬೆರಿ ರೋಗದ ಸಂಶೋಧನೆಯಿಂದ. 1890ರ ದಶಕದಲ್ಲಿ ಜಾವಾದಲ್ಲಿದ್ದ ಐಕ್‌ಮನ್, ನಯಮಾಡಿದ ಅಕ್ಕಿಯನ್ನು ತಿಂದ ಕೋಳಿಗಳಿಗೆ ಅಂತಹುದೇ ವ್ಯಾಧಿ ತಗಲುವುದನ್ನು ಕಂಡನು. 1907ರಲ್ಲಿ ಫ್ಲೆಚರನು ಕೌಲಾಲಂಪುರದಲ್ಲಿ ನಡೆಸಿದ ಪ್ರಯೋಗದ ಫಲವನ್ನು ಪ್ರಕಟಿಸಿದನು: ಕುಚ್ಚಲಕ್ಕಿಯನ್ನು ಉಂಡವರಿಗೆ ರೋಗವು ಬಾರದೆ, ಬಿಳಿಯ ಅಕ್ಕಿಯನ್ನು ಉಂಡವರಲ್ಲಿ ಅನೇಕರಿಗೆ ಬಂದಿತು. ಬೇಯಿಸುವಾಗ ತೌಡಿನಲ್ಲಿರುವ ಥಯಾಮಿನ್ ಕಾಳಿನೊಳಕ್ಕೆ ಇಳಿಯುವುದೇ ಇದಕ್ಕೆ ಕಾರಣ. ನಮ್ಮ ಜಿಲ್ಲೆಯು 1956ರವರೆಗೆ ಸೇರಿದ್ದ ಮದರಾಸು ಪ್ರಾಂತದಲ್ಲಿಯೇ ಇದಕ್ಕೆ ಸಾಕ್ಷ್ಯವಿತ್ತು. ಯಂತ್ರದಲ್ಲಿ ನಯಮಾಡಿದ ಬೆಳ್ತಿಗೆ ಅಕ್ಕಿಯನ್ನು ಉಣ್ಣುತ್ತಿದ್ದ ಉತ್ತರ ಸರ್ಕಾರುಗಳ ಕರಾವಳಿಯಲ್ಲಿ ಬೆರಿಬೆರಿ ನೆಲೆಸಿತ್ತು. ಕುಚ್ಚಲಕ್ಕಿಯ ಪ್ರದೇಶಗಳಲ್ಲಿ ಅದು ವಿರಳ.

ಆದರೆ ಇಲ್ಲಿ ಒಂದು ಭೇದವನ್ನು ಮರೆಯಲಾಗದು. ಕುದಿಸುವುದರಿಂದ ಥಯಾಮಿನ್ ಉಳಿಯುತ್ತದೆ. ನಾರು ಉಳಿಯುವುದು ತೌಡು ಉಳಿದರೆ ಮಾತ್ರ. ಒನಕೆಯ ಕುಟ್ಟಣೆಯಲ್ಲಿ ತೌಡು ಬಹುಮಟ್ಟಿಗೆ ಉಳಿಯುತ್ತಿತ್ತು. ಯಂತ್ರದ ಪಾಲಿಷ್ ಅದನ್ನು ಕಳೆಯಿತು. 1934ರಲ್ಲಿ ಗಾಂಧೀಜಿಯವರು ಸ್ಥಾಪಿಸಿದ ಅಖಿಲ ಭಾರತ ಗ್ರಾಮೋದ್ಯೋಗ ಸಂಘವು ಕೈಕುಟ್ಟಿನ ಅಕ್ಕಿಯನ್ನು ಎತ್ತಿಹಿಡಿಯಿತು. 1958ರಲ್ಲಿ ಅಕ್ಕಿ ಗಿರಣಿಗಳ ನಿಯಂತ್ರಣಕ್ಕಾಗಿ ಕೇಂದ್ರ ಶಾಸನವೂ ಬಂದಿತು. ಆದರೂ ಒನಕೆಯು ಮೂಲೆ ಸೇರಿತು.

ಓಟ್ಸಿನ ಚರಿತ್ರೆಯು ಇದಕ್ಕಿಂತ ಭಿನ್ನವಾದುದು. ಸ್ಕಾಟ್ಲೆಂಡಿನ ಶೀತಭೂಮಿಯಲ್ಲಿ ಜನಸಾಮಾನ್ಯರ ಅಂಬಲಿಯಾಗಿದ್ದ ಈ ಧಾನ್ಯವು ಕಾರ್ಖಾನೆಯನ್ನು ಸೇರಿದ ಮೇಲೂ ಉಮಿಯನ್ನು ಮಾತ್ರ ಕಳೆದುಕೊಂಡಿತು; ತೌಡು ಕಾಳಿನಲ್ಲಿಯೇ ನಿಂತಿತು. ಕೊಬ್ಬು ಕಮಟದಂತೆ ಅದನ್ನು ಹಬೆಯಲ್ಲಿ ಬಿಸಿಮಾಡಿ ಅವಲಕ್ಕಿಯಂತೆ ಒತ್ತುತ್ತಾರೆ. ಅದರ ಬೀಟಾ-ಗ್ಲೂಕನ್ ಎಂಬ ಕರಗುವ ನಾರು ಕರುಳಿನಲ್ಲಿ ಲೋಳೆಯಾಗಿ, ಸಕ್ಕರೆಯು ರಕ್ತಕ್ಕೆ ಸೇರುವುದನ್ನು ನಿಧಾನಗೊಳಿಸುತ್ತದೆ, ಕೊಲೆಸ್ಟರಾಲನ್ನು ತಗ್ಗಿಸುತ್ತದೆ, ದೊಡ್ಡ ಕರುಳಿನ ಸೂಕ್ಷ್ಮಜೀವಿಗಳಿಗೆ ಆಹಾರವಾಗುತ್ತದೆ. ಅಕ್ಕಿಯ ತೌಡಿನ ನಾರು ಬಹುತೇಕ ಕರಗದಂತಹುದು. ಅದು ಮುಖ್ಯವಾಗಿ ಮಲಬದ್ಧತೆಯನ್ನು ನಿವಾರಿಸುತ್ತದೆ. ಅನ್ನವು ತಣಿದಾಗ ಅದರ ಪಿಷ್ಟದಲ್ಲಿ ಸ್ವಲ್ಪಾಂಶವು ಜೀರ್ಣವಾಗದೆ ದೊಡ್ಡ ಕರುಳನ್ನು ಸೇರುವುದರಿಂದ, ತಂಗಳು ಗಂಜಿಗೂ ಒಂದು ವಿಶೇಷ ಗುಣವುಂಟು.

ಆದುದರಿಂದ ಓಟ್ಸ್ ಮತ್ತು ಗಂಜಿ ಒಂದಕ್ಕೊಂದು ಸಮಾನವೆಂದಾಗಲಿ, ಒಂದು ಇನ್ನೊಂದರಿಂದ ಅನಾವಶ್ಯಕವಾಯಿತೆಂದಾಗಲಿ ಹೇಳುವಂತಿಲ್ಲ. ಆದರೆ ತೌಡು ಕಳೆದ ಅಕ್ಕಿಯನ್ನು ಉಣ್ಣುತ್ತ, ಅದರ ಕೊರತೆಯನ್ನು ದೂರದ ಧಾನ್ಯದಿಂದ ತುಂಬಿಕೊಳ್ಳುತ್ತಿರುವ ನಾವು, ಆ ಕೊರತೆಯು ಗದ್ದೆಯಲ್ಲಿ ಹುಟ್ಟದೆ ಗಿರಣಿಯಲ್ಲಿ ಹುಟ್ಟಿತೆಂಬುದನ್ನು ತಿಳಿದಿರಬೇಕು. ರಾಜವಂಶಗಳ ಏಳುಬೀಳುಗಳಂತೆ ಒನಕೆಯ ನಿರ್ಗಮನವೂ ಚರಿತ್ರೆಯ ವಿಷಯವೇ. ಅದರ ಫಲವನ್ನು ಪ್ರತಿಯೊಂದು ಮನೆಯೂ ಅನುಭವಿಸುತ್ತಿದೆ.