ಎಂಟು ಹೆಣ್ಣುಮಕ್ಕಳ ಮನೆಯಿಂದ ಫ್ಯಾಷನ್ ವೇದಿಕೆಗೆ

ಅಮೆರಿಕದ ಕಿರುತೆರೆಯಲ್ಲಿ ‘ಪ್ರಾಜೆಕ್ಟ್ ರನ್‌ವೇ’ ಎಂಬ ಜನಪ್ರಿಯ ಸ್ಪರ್ಧೆಯಿದೆ. ಕೊಟ್ಟ ಅವಧಿಯೊಳಗೆ ಉಡುಪು ರೂಪಿಸಿ, ಹೊಲಿದು, ತೀರ್ಪುಗಾರರ ಮುಂದಿಡಬೇಕು. 2006ರ ಮಾರ್ಚ್‌ನಲ್ಲಿ ಅದರ ಎರಡನೇ ಆವೃತ್ತಿಯನ್ನೂ ಒಂದು ಲಕ್ಷ ಡಾಲರ್ ಬಹುಮಾನವನ್ನೂ ಗೆದ್ದವರು ಕ್ಲೋಯಿ ಡಾವ್, ವಿಯಟ್ನಾಂ ಮೂಲದ ನಿರಾಶ್ರಿತ ಕುಟುಂಬದ ಮಗಳು. ಆದರೆ ಆಕೆಯ ಕಥೆಯನ್ನು ಟಿ.ವಿ.ಯಿಂದ ಆರಂಭಿಸಿದರೆ ಅರ್ಧ ಚರಿತ್ರೆಯೇ ಕೈತಪ್ಪುತ್ತದೆ.

ಕ್ಲೋಯಿ ಹುಟ್ಟಿದ್ದು ವಿಯಟ್ನಾಮಿನಲ್ಲಲ್ಲ, ನೆರೆಯ ಲಾವೋಸ್‌ನ ಪಾಕ್ಸೆಯಲ್ಲಿ. ಮೆಕಾಂಗ್ ನದಿಯ ದಂಡೆಯ ಈ ಪಟ್ಟಣವನ್ನು ಆಡಳಿತ ಕೇಂದ್ರವಾಗಿ ಬೆಳೆಸಿದವರು ಫ್ರೆಂಚರು. ಇಂಡೋ-ಚೀನಾವನ್ನು ಆಳುತ್ತಿದ್ದ ಅವರು ಲಾವೋಸ್‌ನ ಕಚೇರಿಗಳಿಗೆ ವಿಯಟ್ನಾಮೀ ಗುಮಾಸ್ತರನ್ನು ಕರೆತಂದರು. ಅವರ ಹಿಂದೆಯೇ ವ್ಯಾಪಾರಿಗಳು, ಕುಶಲಕರ್ಮಿಗಳೂ ಬಂದರು. 1940ರ ದಶಕದ ಆರಂಭದ ಹೊತ್ತಿಗೆ ಪಾಕ್ಸೆಯ ನಿವಾಸಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವಿಯಟ್ನಾಮೀಯರೇ ಆಗಿದ್ದರು.

1975 ಎಲ್ಲವನ್ನೂ ಬದಲಿಸಿತು. ಏಪ್ರಿಲ್ 30ರಂದು ಸೈಗಾನ್ ಪತನವಾಯಿತು. ಡಿಸೆಂಬರ್ 2ರಂದು ಲಾವೋಸ್‌ನಲ್ಲಿ ಅರಸೊತ್ತಿಗೆ ಕೊನೆಗೊಂಡು ಕಮ್ಯುನಿಸ್ಟ್ ಪಥೆಟ್ ಲಾವೊ ಅಧಿಕಾರಕ್ಕೆ ಬಂತು. ವಿಯಟ್ನಾಮಿನ ನಿರಾಶ್ರಿತರು ದೋಣಿಗಳಲ್ಲಿ ಕಡಲಿಗಿಳಿದರೆ, ಲಾವೋಸ್‌ನವರಿಗೆ ಮೆಕಾಂಗ್ ದಾಟಿ ಥಾಯ್ಲೆಂಡ್ ಸೇರುವುದೇ ದಾರಿಯಾಯಿತು. ಹೀಗೆ ಲಾವೋಸ್ ಬಿಟ್ಟವರು ಮೂರು ಲಕ್ಷಕ್ಕೂ ಹೆಚ್ಚು. ಅವರಲ್ಲಿ ಎಂಟು ಹೆಣ್ಣುಮಕ್ಕಳಿದ್ದ ಡಾವ್ ಕುಟುಂಬವೂ ಒಂದು. ಕ್ಲೋಯಿ ಆರನೆಯವಳು. ಥಾಯ್ಲೆಂಡಿನ ಶಿಬಿರದಲ್ಲಿ ದಿನ ಕಳೆದ ಕುಟುಂಬ 1979ರಲ್ಲಿ ಅಮೆರಿಕದ ಹ್ಯೂಸ್ಟನ್ ತಲುಪಿತು.

ಹ್ಯೂಸ್ಟನ್ನಿಗೆ ಆಗ ತೈಲೋದ್ಯಮದ ಸುಗ್ಗಿಯ ಕಾಲ. ಕೆಲಸ ಸಿಗುತ್ತಿತ್ತು, ಮನೆ ಬಾಡಿಗೆಯೂ ದುಬಾರಿಯಲ್ಲ. ಅಲ್ಲಿನ ಸೆಕೆ ವಿಯಟ್ನಾಮೀಯರಿಗೆ ಹೊಸತೂ ಅಲ್ಲ. ಇಂದು ಕ್ಯಾಲಿಫೋರ್ನಿಯವನ್ನು ಬಿಟ್ಟರೆ ಅತಿ ಹೆಚ್ಚು ವಿಯಟ್ನಾಮೀಯರಿರುವ ರಾಜ್ಯ ಟೆಕ್ಸಾಸ್.

ಸುಮಾರು ಹತ್ತು ವರ್ಷದವಳಿದ್ದಾಗ ಸಿ.ಎನ್.ಎನ್. ವಾಹಿನಿಯಲ್ಲಿ ಎಲ್ಸಾ ಕ್ಲೆನ್ಶ್ ನಡೆಸಿಕೊಡುತ್ತಿದ್ದ ಫ್ಯಾಷನ್ ಕಾರ್ಯಕ್ರಮ ಕ್ಲೋಯಿಯ ಮನಸ್ಸು ಸೆಳೆಯಿತು. ಆದರೂ ಆಕೆ ಮೊದಲು ಸೇರಿದ್ದು ಮಾರ್ಕೆಟಿಂಗ್ ಓದಿಗೆ. ಅದನ್ನು ಅರ್ಧಕ್ಕೇ ಬಿಟ್ಟು ಹ್ಯೂಸ್ಟನ್ ಕಮ್ಯುನಿಟಿ ಕಾಲೇಜಿನಲ್ಲಿ ಪ್ಯಾಟರ್ನ್ ವಿನ್ಯಾಸ ಕಲಿತರು. ಮೈಯ ಅಳತೆಯನ್ನು ಕಾಗದದ ತುಂಡುಗಳಾಗಿ ಕತ್ತರಿಸಿ, ಅದರಂತೆ ಬಟ್ಟೆ ಕತ್ತರಿಸುವ ವಿದ್ಯೆ ಇದು. ಚಿತ್ರ ಎಷ್ಟೇ ಚೆನ್ನಾಗಿರಲಿ, ಕಟಿಂಗ್ ತಪ್ಪಿದರೆ ಉಡುಪು ಮೈಗೆ ಕೂರುವುದಿಲ್ಲ ಎಂಬುದು ನಮ್ಮೂರ ದರ್ಜಿಗೂ ಗೊತ್ತಿರುವ ಸತ್ಯ.

ಮುಂದೆ ನ್ಯೂಯಾರ್ಕಿನ ಫ್ಯಾಷನ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಓದು, ಅದೇ ನಗರದಲ್ಲಿ ವಿನ್ಯಾಸಕರ ಬಳಿ ಕೆಲಸ. 2000ದಲ್ಲಿ ಹ್ಯೂಸ್ಟನ್ನಿಗೆ ಮರಳಿ ಸ್ವಂತ ಅಂಗಡಿ ತೆರೆದರು. ಅದರ ಹೆಸರು ‘ಲಾಟ್ 8’. ಆ ಎಂಟು, ಎಂಟು ಮಂದಿ ಸೋದರಿಯರ ಲೆಕ್ಕ.

ಟಿ.ವಿ. ಸ್ಪರ್ಧೆ ಬಂದದ್ದು ಇದೆಲ್ಲ ಆದ ಮೇಲೆ. ಅಷ್ಟರಲ್ಲಿ ಅಳತೆ ತೆಗೆದು, ಹೊಲಿದು, ಗಿರಾಕಿಯ ಮುಖ ನೋಡಿ ಮಾರಿದ ಅನುಭವ ಆಕೆಯದಾಗಿತ್ತು. ಗೆದ್ದ ಬಳಿಕವೂ ನ್ಯೂಯಾರ್ಕಿಗೆ ಹಾರದೆ ಹ್ಯೂಸ್ಟನ್ನಿನಲ್ಲೇ ವ್ಯವಹಾರ ಮುಂದುವರಿಸಿದ್ದು ಗಮನಾರ್ಹ.

ಇಂಥ ಯಶೋಗಾಥೆಗಳಿಗೆ ಒಂದು ಅಪಾಯವಿದೆ. ಗೆದ್ದವರನ್ನು ತೋರಿಸಿ, ‘ನೋಡಿ, ನಿರಾಶ್ರಿತರೆಂದರೆ ಹೀಗಿರಬೇಕು’ ಎನ್ನುವುದು ಸುಲಭ. ಆದರೆ ಅಮೆರಿಕಕ್ಕೆ ಬಂದ ಎಷ್ಟೋ ವಿಯಟ್ನಾಮೀ ಹೆಂಗಸರು ತುಂಡಿಗಿಷ್ಟು ಎಂಬ ಕೂಲಿಗೆ ಉಡುಪು ಹೊಲಿದು ಸಂಸಾರ ನಡೆಸಿದರು. ಅವರ ಹೆಸರು ಯಾವ ಪರದೆಯ ಮೇಲೂ ಬರಲಿಲ್ಲ. ಅಷ್ಟಕ್ಕೂ 1979ರಲ್ಲಿ ಡಾವ್ ಕುಟುಂಬಕ್ಕೆ ಆಶ್ರಯ ಸಿಕ್ಕಾಗ ಆರನೆಯ ಮಗಳ ಕೈಯಲ್ಲಿ ಯಾವ ಕಲೆ ಅಡಗಿದೆಯೆಂದು ಯಾರಿಗೂ ತಿಳಿದಿರಲಿಲ್ಲ. ಅದು ಕಾಣಿಸಿಕೊಳ್ಳಲು ಇಪ್ಪತ್ತೇಳು ವರ್ಷ ಬೇಕಾಯಿತು. ಆಶ್ರಯವನ್ನು ಪ್ರತಿಭೆ ಅಳೆದು ಕೊಡುವಂತಿದ್ದರೆ, ಆ ಪುಟ್ಟ ಹುಡುಗಿ ಮೆಕಾಂಗಿನ ದಡದಲ್ಲೇ ಉಳಿಯಬೇಕಿತ್ತು.