ಮೂಕಪ್ರಾಣಿಯ ನೋವೂ ಪ್ರಯೋಗಶಾಲೆಯ ಅಳತೆಗೋಲೂ

ಶಿರಸಿ ತಾಲ್ಲೂಕಿನ ಪೂರ್ವದಂಚಿನಲ್ಲಿ, ಮಲೆನಾಡಿನ ದಟ್ಟಣೆ ಸಡಿಲಿ ಬಯಲುಸೀಮೆಯ ಗಾಳಿ ಬೀಸತೊಡಗುವ ದಾಸನಕೊಪ್ಪದ ಕಡೆಯ ಬೇಸಾಯಗಾರನಿಗೆ ಎತ್ತಿನ ನೋವನ್ನರಿಯಲು ಕಣ್ಣಿನ ಹೊರತು ಬೇರೆ ಸಾಧನವಿರಲಿಲ್ಲ. ಮಲಗಿದ ಎತ್ತು ಹಿಂಗಾಲುಗಳನ್ನು ಮೊದಲೂರಿ ಏಳುವಾಗ ತಡವರಿಸಿದರೆ, ಕುಂಟುವ ಮುಂಗಾಲು ನೆಲಕ್ಕೆ ತಾಗಿದೊಡನೆ ತಲೆ ಮೇಲಕ್ಕೆ ಎಗರಿದರೆ, ಮೂತಿಯ ಪಸೆ ಆರಿ ಮೆಲುಕು ನಿಂತಿದ್ದರೆ, ಅಂದು ಅದರ ಹೆಗಲಿಗೆ ನೊಗವೇರಿಸಲು ವಿವೇಕಿಯಾದವನು ಒಪ್ಪುತ್ತಿರಲಿಲ್ಲ. ರೋಗದ ಪರೀಕ್ಷೆಯೂ ಪ್ರಾಣಿಯ ಮೇಲಣ ಕನಿಕರವೂ ಒಂದೇ ನೋಟದಲ್ಲಿ ನಡೆದುಹೋಗುತ್ತಿದ್ದವು. ಪ್ರಯೋಗಶಾಲೆಯಲ್ಲಿ ಇವೆರಡೂ ಬಹುಕಾಲ ಬೇರೆಬೇರೆಯಾಗಿಯೇ ಇದ್ದವೆಂಬುದಕ್ಕೆ ಈ ಸೀಮೆಯ ನೆರೆಯಲ್ಲಿ ನಡೆದ ಒಂದು ಮಹತ್ತ್ವದ ಸಂಶೋಧನೆಯೇ ಸಾಕ್ಷಿಯಾಗಿದೆ.

ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರ ಮಾರ್ಚ್ ತಿಂಗಳ ಸುಮಾರಿಗೆ ಮುಸಿಯಗಳೂ ಮಂಗಗಳೂ ಒಂದರ ಹಿಂದೊಂದು ಸತ್ತು ಬೀಳತೊಡಗಿ, ಸುತ್ತಣ ಹಳ್ಳಿಗರು ತಲೆಸಿಡಿತ, ಮೈಕೈನೋವು, ರಕ್ತಸ್ರಾವಗಳಿಂದ ಕೂಡಿದ ಉಗ್ರಜ್ವರಕ್ಕೆ ತುತ್ತಾದಾಗ, ಪುಣೆಯ ವೈರಸ್ ಸಂಶೋಧನ ಕೇಂದ್ರದ ತಜ್ಞರು ಅಲ್ಲಿಗೆ ಬಂದರು. ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿಯೂ ರಾಕ್‌ಫೆಲ್ಲರ್ ಪ್ರತಿಷ್ಠಾನವೂ ಕೂಡಿ 1952ರಲ್ಲಿ ಸ್ಥಾಪಿಸಿದ ಆ ಕೇಂದ್ರಕ್ಕೆ ಆಗ ಟೆಲ್ಫರ್ಡ್ ವರ್ಕ್ ನಿರ್ದೇಶಕರು. ಹಳದಿಜ್ವರವೇ ಭಾರತಕ್ಕೆ ಕಾಲಿಟ್ಟಿತೋ ಎಂಬ ಮೊದಲ ಶಂಕೆ ಶೀಘ್ರವೇ ತೊಲಗಿ, ರಷ್ಯದ ಮಿದುಳುಜ್ವರದ ವೈರಸ್ಸಿಗೆ ಹತ್ತಿರದ ಬಂಧುವಾದ ಹೊಸದೊಂದು ವೈರಸ್ಸು ಕಂಡುಬಂದಿತು. ಸೊಪ್ಪಿಗೂ ದರಕಿಗೂ ಬೆಟ್ಟ ಹತ್ತುವ ಜನರಿಗೆ ಅದನ್ನು ಅಂಟಿಸುತ್ತಿದ್ದುದು ಉಣುಗು. ಸಿದ್ದಾಪುರ, ಶಿರಸಿಗಳ ಜನರಿಗೆ ಇದು ಮಂಗನ ಕಾಯಿಲೆಯೆಂದೇ ಪರಿಚಿತ.

ಆ ವೈರಸ್ಸು ಹಿಡಿತಕ್ಕೆ ಸಿಕ್ಕಿದುದು ಇಲಿಗಳ ಮೂಲಕ. ಸತ್ತ ಮಂಗದ ಅಂಗಾಂಶವನ್ನು ಅರೆದು, ಸೋಸಿ, ಆ ದ್ರವವನ್ನು ಮೊಲೆಯುಣ್ಣುವ ಬಿಳಿ ಇಲಿಮರಿಗಳ ಮಿದುಳಿಗೆ ಚುಚ್ಚಿ, ದಿನದಿನವೂ ಪಂಜರವನ್ನು ತೆರೆದು ನೋಡುವುದು ಅಂದಿನ ಕ್ರಮವಾಗಿತ್ತು. ಹಾಲು ಕುಡಿಯುವುದನ್ನು ಬಿಟ್ಟು ತಾಯಿಯಿಂದ ದೂರ ಬಿದ್ದ ಮರಿ, ಬೆನ್ನು ಗೂನಾಗಿ ರೋಮ ಕೆದರಿದ ಇಲಿ, ಹಿಂಗಾಲುಗಳ ಸ್ವಾಧೀನ ತಪ್ಪಿ ತೆವಳುವ ಇಲಿ, ಇವೆಲ್ಲ ವೈರಸ್ಸು ಇದೆಯೆಂಬುದರ ಚಿಹ್ನೆಗಳು. ಎಷ್ಟು ತೆಳುವಾದ ದ್ರಾವಣದಿಂದ ಅರ್ಧದಷ್ಟು ಇಲಿಗಳು ಸಾಯುವುವೆಂಬುದನ್ನು ರೀಡ್ ಮತ್ತು ಮ್ಯೂಂಕ್ 1938ರಲ್ಲಿ ಪ್ರಕಟಿಸಿದ ಗಣಿತದಿಂದ ಎಣಿಸಿದರೆ ವೈರಸ್ಸಿನ ಪ್ರಮಾಣ ದೊರೆಯುತ್ತಿತ್ತು. ಆ ಗಣಿತಕ್ಕೆ ಬೇಕಾದುದು ಬದುಕು ಮತ್ತು ಸಾವು ಎರಡೇ. ಇವೆರಡರ ನಡುವೆ ಇಲಿ ಪಟ್ಟ ಪಾಡಿಗೆ ಅದರಲ್ಲಿ ಎಡೆಯಿರಲಿಲ್ಲ. ಈ ಶ್ರಮದಿಂದ ರೋಗದ ಗುರುತು ಹತ್ತಿತು, ಮುಂದೆ ಲಸಿಕೆಯೂ ಬಂದಿತು. ಅದನ್ನು ಕೃತಜ್ಞತೆಯಿಂದಲೇ ನೆನೆಯಬೇಕು. ಆದರೂ ಆ ಎಡೆಯಿಲ್ಲದಿರುವಿಕೆ ನನ್ನ ಮನಸ್ಸನ್ನು ಕಲಕುತ್ತದೆ.

ನೋವನ್ನೇ ಅಳೆಯುವ ಯತ್ನಗಳು ಇದಕ್ಕೆ ಸಮಾನಾಂತರವಾಗಿ, ಔಷಧಶಾಸ್ತ್ರದ ಬೇರೊಂದು ಹಾದಿಯಲ್ಲಿ ನಡೆದಿದ್ದವು. ಇಲಿಯ ಬಾಲಕ್ಕೆ ಬಿಸಿ ತಾಗಿಸಿ ಅದು ಬಾಲವನ್ನು ಸೆಳೆದುಕೊಳ್ಳುವವರೆಗಿನ ಕ್ಷಣಗಳನ್ನೆಣಿಸುವ ವಿಧಾನವನ್ನು 1941ರಲ್ಲಿ ಡಿ'ಅಮೋರ್ ಮತ್ತು ಸ್ಮಿತ್ ರೂಪಿಸಿದರು. ಕ್ಯಾಸನೂರಿನ ಮಂಗಗಳು ಸತ್ತ 1957ರಲ್ಲಿಯೇ ರ್‍ಯಾಂಡಲ್ ಮತ್ತು ಸೆಲಿಟ್ಟೊ, ಇಲಿಯ ಊದಿದ ಪಾದವನ್ನು ಕ್ರಮೇಣ ಹೆಚ್ಚುವ ಭಾರದಿಂದ ಒತ್ತಿ, ಅದು ಎಷ್ಟರವರೆಗೆ ತಾಳುವುದೆಂದು ನೋಡುವ ಉಪಕರಣವನ್ನು ವರ್ಣಿಸಿದರು. ಅದೇ ವರ್ಷ ಡನ್‌ಹ್ಯಾಮ್ ಮತ್ತು ಮಿಯಾ, ತಿರುಗುವ ದಂಡದ ಮೇಲೆ ಇಲಿಯನ್ನು ನಿಲ್ಲಿಸಿ ಅದು ಬೀಳದೆ ಉಳಿಯುವುದೋ ಎಂದು ಪರೀಕ್ಷಿಸುವ ಕ್ರಮವನ್ನು ತಂದರು. ಇವು ಪರಸ್ಪರ ಪೂರಕವಾದುವು. ಔಷಧ ಪಡೆದ ಇಲಿ ಪಾದವನ್ನು ತಡವಾಗಿ ಸೆಳೆದುಕೊಂಡರೆ ನೋವು ಶಮನವಾಯಿತೆಂದು ತಿಳಿಯುವುದೋ, ಸ್ನಾಯುಗಳೇ ಸೋತು ಅದು ಕದಲಲಾರದಾಯಿತೆಂದು ತಿಳಿಯುವುದೋ? ದಂಡದ ಮೇಲಿಂದ ಉರುಳಿಬಿದ್ದ ಇಲಿ ಎರಡನೆಯದರ ಕಡೆಗೆ ಬೆರಳು ತೋರುವುದು. ಚಲನೆಯನ್ನು ಅಳೆಯದೆ ನೋವಿನ ಅಳತೆಯನ್ನು ನಂಬಲಾಗದೆಂಬ ಈ ಎಚ್ಚರ, ಆ ಶಾಸ್ತ್ರದ ನಿಜವಾದ ಪ್ರೌಢಿಮೆಯೆಂದು ನಾನು ಭಾವಿಸುತ್ತೇನೆ.

ಕನಿಕರವು ಶಾಸ್ತ್ರದೊಳಗೆ ಬಂದುದು ಇನ್ನೂ ತಡವಾಗಿ. ಪ್ರಾಣಿಗಳ ಬದಲಿಗೆ ಬೇರೆ ಮಾರ್ಗವನ್ನು ಹುಡುಕುವುದು, ಅವುಗಳ ಸಂಖ್ಯೆಯನ್ನು ತಗ್ಗಿಸುವುದು, ವೇದನೆಯನ್ನು ಕಡಿಮೆ ಮಾಡುವುದು ಎಂಬ ಮೂರು ಸೂತ್ರಗಳನ್ನು ರಸೆಲ್ ಮತ್ತು ಬರ್ಚ್ 1959ರಲ್ಲಿ ಗ್ರಂಥರೂಪದಲ್ಲಿ ಪ್ರತಿಪಾದಿಸಿದರು. ನಮ್ಮಲ್ಲಿ, ನೃತ್ಯಕಲಾವಿದೆಯೂ ರಾಜ್ಯಸಭೆಯ ಸದಸ್ಯೆಯೂ ಆಗಿದ್ದ ರುಕ್ಮಿಣೀದೇವಿ ಅರುಂಡೇಲ್ ಅವರ ಅವಿರತ ಪ್ರಯತ್ನದ ಫಲವಾಗಿ 1960ರಲ್ಲಿ ಪ್ರಾಣಿಹಿಂಸಾ ತಡೆ ಅಧಿನಿಯಮ ಬಂದಿತು. ಆ ಅಧಿನಿಯಮವು ಪ್ರಯೋಗಗಳನ್ನು ನಿಷೇಧಿಸಲಿಲ್ಲ. ಅವುಗಳ ಮೇಲ್ವಿಚಾರಣೆಗೆ ಸಮಿತಿಯೊಂದನ್ನು ನೇಮಿಸಲು ಎಡೆಮಾಡಿಕೊಟ್ಟು, ಶಸ್ತ್ರಪ್ರಯೋಗಗಳು ಅರಿವಳಿಕೆಯಲ್ಲಿ ನಡೆಯಬೇಕೆಂದೂ, ಚೇತರಿಸಿಕೊಂಡರೆ ತೀವ್ರ ಯಾತನೆ ಪಡುವಷ್ಟು ಗಾಯಗೊಂಡ ಪ್ರಾಣಿಯನ್ನು ಅರಿವು ಮರಳುವ ಮೊದಲೇ ಕೊನೆಗಾಣಿಸಬೇಕೆಂದೂ ನಿರ್ದೇಶಿಸಿತು. ಪ್ರಯೋಗಗಳ ನಿಯಂತ್ರಣಕ್ಕೆ ವಿವರವಾದ ನಿಯಮಗಳು 1998ರಲ್ಲಿ ಜಾರಿಗೆ ಬಂದವು.

2010ರಲ್ಲಿ ಕೆನಡದ ವಿಜ್ಞಾನಿಗಳು ಇಲಿಯ ಮುಖದಲ್ಲಿಯೇ ನೋವನ್ನು ಓದುವ ಮಾನವೊಂದನ್ನು ಪ್ರಕಟಿಸಿದರು. ಕಣ್ಣು ಎಷ್ಟು ಕಿರಿದಾಗಿದೆ, ಮೂಗೂ ಕೆನ್ನೆಯೂ ಎಷ್ಟು ಉಬ್ಬಿವೆ, ಕಿವಿ ಎತ್ತ ಸರಿದಿದೆ, ಮೀಸೆಗೂದಲು ಹೇಗೆ ಸೆಟೆದಿದೆ ಎಂಬ ಐದು ಲಕ್ಷಣಗಳಿಗೆ ಸೊನ್ನೆಯಿಂದ ಎರಡರವರೆಗೆ ಅಂಕ ಕೊಡುವುದಷ್ಟೇ ಆ ಕ್ರಮ. ಪಾದವನ್ನು ಒತ್ತುವುದೂ ಬೇಡ, ಬಾಲವನ್ನು ಸುಡುವುದೂ ಬೇಡ. ಸ್ವಭಾವತಃ ಬೇಟೆಗೆ ಬೀಳುವ ಪ್ರಾಣಿಯಾದುದರಿಂದ ಇಲಿ ತನ್ನ ನೋವನ್ನು ಮರೆಮಾಚುವುದೆಂದು ನೆನೆದರೆ, ಹೀಗೆ ಸುಮ್ಮನೆ ಕುಳಿತು ಅದರ ಮುಖ ನೋಡುವ ತಾಳ್ಮೆಯ ಬೆಲೆ ತಿಳಿಯುತ್ತದೆ. ಇಂದು ಇಂಥ ಅಂಕಗಳ ಬಲದಿಂದ, ಸಾವಿನವರೆಗೆ ಕಾಯದೆ, ಯಾತನೆಯ ಒಂದು ನಿಶ್ಚಿತ ಹಂತದಲ್ಲಿಯೇ ಪ್ರಯೋಗವನ್ನು ನಿಲ್ಲಿಸುವ ಪದ್ಧತಿ ಬಳಕೆಗೆ ಬಂದಿದೆ.